ಹಳೆ ಡಿಸ್ಪೋಸರ್ ರಿಪೇರಿ ಮಾಡಲಾ, ಹೊಸದು ಹಾಕಲಾ? ಮೂರನ್ನೂ ಮಾಡಿ ನೋಡಿದ ಮೇಲೆ

ನಮ್ಮ ಅಡುಗೆಮನೆ ಸಿಂಕಿನ ಕೆಳಗೆ ಕಸ ಅರೆಯುವ ಡಿಸ್ಪೋಸರ್ ಹನ್ನೊಂದು ವರ್ಷ ತಕರಾರಿಲ್ಲದೆ ದುಡಿದಿತ್ತು. ಆಮೇಲೆ ಶುರುವಾಯಿತು ನೋಡಿ. ನಾಲ್ಕು ವರ್ಷದಲ್ಲಿ ಅದನ್ನು ಎರಡು ಸಲ ರಿಪೇರಿ ಮಾಡಿದೆ. ಅದು ಪೂರ್ತಿ ಕೈಕೊಟ್ಟಾಗ ಹಗುರ ಜಾತಿಯ ಹೊಸದೊಂದನ್ನು ಹಾಕಿದೆ. ಕೊನೆಗೆ ಅದನ್ನೂ ಬಿಚ್ಚಿ ಅಕ್ಕನ ಮನೆಗೆ ಸಾಗಿಸಿ, ನಮ್ಮಲ್ಲಿ ಭಾರದ್ದೊಂದನ್ನು ಕೂರಿಸಿದೆ. ನಾನು ಪ್ಲಂಬರ್ ಅಲ್ಲ. ಆದರೆ ಸಿಂಕಿನ ಕೆಳಗೆ ಅಂಗಾತ ಮಲಗಿ ಮುಖಕ್ಕೆ ಕೊಳಕು ನೀರು ಬೀಳಿಸಿಕೊಂಡ ಅನುಭವ ಸಾಕಷ್ಟಿದೆ.

ಮೊದಲೇ ಒಂದು ಮಾತು. ಇದರೊಳಗೆ ಮಿಕ್ಸಿ ಥರ ಬ್ಲೇಡ್ ಇರುವುದಿಲ್ಲ. ಒಂದು ತಟ್ಟೆ ಜೋರಾಗಿ ತಿರುಗುತ್ತದೆ, ಅದರ ಮೇಲೆ ಎರಡು ಮೊಂಡು ಲೋಹದ ತುಂಡುಗಳಿರುತ್ತವೆ. ತಿರುಗುವ ರಭಸಕ್ಕೆ ಕಸ ಅಂಚಿಗೆ ಎಸೆಯಲ್ಪಟ್ಟು, ಸುತ್ತಲಿನ ಹಲ್ಲು ಹಲ್ಲಾದ ಉಂಗುರಕ್ಕೆ ಉಜ್ಜಿ ಪುಡಿಯಾಗುತ್ತದೆ. ಹಾಗಾಗಿ "ಬ್ಲೇಡ್ ಮೊಂಡಾಗಿದೆ, ಹೊಸದು ತಗೊಳ್ಳಿ" ಅಂತ ಯಾರಾದರೂ ಅಂದರೆ ನಂಬಬೇಡಿ. ನನಗೂ ಒಬ್ಬರು ಹಾಗೇ ಹೇಳಿದ್ದರು.

ರಿಪೇರಿಯ ವಿಷಯಕ್ಕೆ ಬರೋಣ. ಇಲ್ಲಿ ಕಿವಿಯೇ ಅರ್ಧ ಕೆಲಸ ಮಾಡುತ್ತದೆ. ಸ್ವಿಚ್ ಹಾಕಿದಾಗ ಗುಂಯ್ ಅನ್ನುತ್ತೆ ಆದರೆ ತಿರುಗಲ್ಲ ಅಂದರೆ ಏನೋ ಸಿಕ್ಕಿಕೊಂಡಿದೆ. ಸದ್ದೇ ಇಲ್ಲ ಅಂದರೆ ಕರೆಂಟ್ ಬರುತ್ತಿಲ್ಲ, ಇಲ್ಲವೇ ಬಿಸಿಯಾಗಿ ತಾನೇ ನಿಂತಿದೆ. ನನ್ನದು ಮೊದಲ ಸಲ ಗುಂಯ್ ಅಂದಿತು. ಅಂಥ ಹೊತ್ತಲ್ಲಿ ಸ್ವಿಚ್ ಹಾಕಿ ಹಾಕಿ ನೋಡುವುದು ದೊಡ್ಡ ತಪ್ಪು, ಮೋಟಾರ್ ಸುಟ್ಟೇ ಹೋಗಬಹುದು. ಪ್ಲಗ್ ಕಿತ್ತೆ. ಬಹಳಷ್ಟು ಯಂತ್ರಗಳ ತಳದ ನಡುವೆ ಆರು ಮೂಲೆಯ ಒಂದು ತೂತು ಇರುತ್ತದೆ. ಕಾಲು ಇಂಚಿನ, ಅಂದರೆ 6.35 ಮಿಲಿಮೀಟರಿನ ಅಲೆನ್ ಕೀ ಅದಕ್ಕೆ ಸರಿಯಾಗಿ ಕೂರುತ್ತದೆ. ಹಿಂದಕ್ಕೂ ಮುಂದಕ್ಕೂ ಆಡಿಸಿದೆ. ಐದಾರು ಸಲಕ್ಕೆ ಟಕ್ ಅಂತ ಬಿಟ್ಟಿತು. ಟಾರ್ಚ್ ಹಾಕಿ ಇಕ್ಕಳದಿಂದ ಎತ್ತಿದರೆ ಒಂದು ಸಣ್ಣ ಸ್ಕ್ರೂ! ಎಲ್ಲಿಂದ ಬಂತೋ ಇವತ್ತಿಗೂ ಗೊತ್ತಿಲ್ಲ. ಕೈ ಮಾತ್ರ ಒಳಗೆ ಹಾಕಬೇಡಿ, ಪ್ಲಗ್ ಕಿತ್ತಿದ್ದರೂ ಬೇಡ. ಹತ್ತು ನಿಮಿಷ ತಣಿಯಲು ಬಿಟ್ಟು, ತಳದಲ್ಲಿದ್ದ ಕೆಂಪು ರೀಸೆಟ್ ಬಟನ್ ಒತ್ತಿದೆ. ಓಡಿತು. ಖರ್ಚು ಸೊನ್ನೆ.

ಎರಡನೆಯ ಸಲ ಸೋರಿಕೆ. ಸೋರುವ ಜಾಗ ಹುಡುಕುವುದೇ ತಲೆನೋವು, ಯಾಕೆಂದರೆ ನೀರು ಎಲ್ಲಿಂದ ಸೋರಿದರೂ ತೊಟ್ಟಿಕ್ಕುವುದು ತಳದಿಂದಲೇ. ಹೊರಮೈ ಪೂರ್ತಿ ಒರೆಸಿ, ಸಿಂಕ್ ಮುಚ್ಚಿ ನೀರು ತುಂಬಿಸಿ, ಒಂದೊಂದು ಸೇರಿಕೆಗೂ ಟಿಶ್ಯೂ ಪೇಪರ್ ಸುತ್ತಿ ನೋಡಿದೆ. ಒದ್ದೆಯಾಗಿದ್ದು ಮೇಲಿನದು, ಸಿಂಕಿನ ತೂತಿನಲ್ಲಿ ಕೂರುವ ಲೋಹದ ಬಾಯಿ, ಅಂದರೆ ಫ್ಲೇಂಜ್, ಸಿಂಕಿಗೆ ಅಂಟಿರುವ ಜಾಗ. ನೀರು ಸೋರದಂತೆ ಅಲ್ಲಿ ಮೆತ್ತಿದ್ದ ಹಳೆ ಪುಟ್ಟಿ ಒಣಗಿ ಬಿರುಕು ಬಿಟ್ಟಿತ್ತು. ಯಂತ್ರ ಇಳಿಸಿ, ಪುಟ್ಟಿ ಕೆರೆದು, ಹೊಸ ಪುಟ್ಟಿಯನ್ನು ಬೆರಳುದಪ್ಪ ಬತ್ತಿ ಮಾಡಿ ಸುತ್ತ ಇಟ್ಟು ಬಿಗಿದೆ. ಅರ್ಧ ದಿನ ಹಿಡಿಯಿತು, ಆದರೆ ಮತ್ತೆ ಅಲ್ಲಿ ಸೋರಲಿಲ್ಲ. ಸಿಂಕ್ ಕಲ್ಲಿನದಾದರೆ ಪುಟ್ಟಿಯ ಎಣ್ಣೆ ಕಲೆ ಮಾಡಬಹುದು, ಅಲ್ಲಿ ರಬ್ಬರ್ ಗ್ಯಾಸ್ಕೆಟ್ಟೇ ವಾಸಿ. ನಮ್ಮದು ಸ್ಟೀಲು.

ಮೂರನೆಯ ಸಲ ಸೋರಿದ್ದು ಮೋಟಾರಿನ ಹೊಟ್ಟೆಯಿಂದಲೇ. ರೀಸೆಟ್ ಬಟನ್ ಪಕ್ಕ ಹನಿ ಹನಿ. ಹಾಗಾಯಿತು ಅಂದರೆ ಒಳಗಿನ ಸೀಲ್ ಹೋಗಿದೆ, ನೀರು ಮೋಟಾರಿಗೆ ಇಳಿಯುತ್ತಿದೆ ಅಂತ ಅರ್ಥ. ಮೇಲೆ ಸೋರಿದರೆ ರಿಪೇರಿ, ಪಕ್ಕದ ಪೈಪಿನಲ್ಲಿ ಸೋರಿದರೆ ವಾಷರ್ ಬದಲಿಸಿ, ತಳದಲ್ಲಿ ಸೋರಿದರೆ ಇನ್ನೊಂದು ರೂಪಾಯಿಯನ್ನೂ ಅದಕ್ಕೆ ಸುರಿಯಬೇಡಿ.

ಆಗ ತಂದದ್ದು ಹಗುರದ್ದು. ಮ್ಯಾಗ್ನೆಟ್ ಮೋಟಾರಿನ ಯಂತ್ರ, ನಿಮಿಷಕ್ಕೆ ಸುಮಾರು 2,600 ಸುತ್ತು. ಈಗಿರುವ ಭಾರದ್ದರಲ್ಲಿ ಇಂಡಕ್ಷನ್ ಮೋಟಾರ್. ಅಂಥದ್ದು 60 ಹರ್ಟ್ಸ್ ಕರೆಂಟಿನಲ್ಲಿ ನಿಮಿಷಕ್ಕೆ ಸುಮಾರು 1,725 ಸುತ್ತು ತಿರುಗುತ್ತದೆ, 50 ಹರ್ಟ್ಸ್ ಇರುವ ಕಡೆ ಇನ್ನೂ ನಿಧಾನ. ಜಾಸ್ತಿ ಸುತ್ತು ಅಂದರೆ ಜಾಸ್ತಿ ಶಕ್ತಿ ಅಂದುಕೊಂಡಿದ್ದೆ. ಹಾಗೇನಿಲ್ಲ. ಎರಡರ ಗುಣವೇ ಬೇರೆ. ಹಗುರದ್ದು ಸ್ವಿಚ್ ಹಾಕಿದ ಕ್ಷಣವೇ ಪೂರ್ತಿ ಜೋರಿನಲ್ಲಿ ಹೊಡೆಯುತ್ತದೆ, ಹಾಗಾಗಿ ಸಿಕ್ಕಿಕೊಳ್ಳುವುದು ಕಡಿಮೆ. ಎರಡು ವರ್ಷದಲ್ಲಿ ಒಮ್ಮೆಯೂ ಅಲೆನ್ ಕೀ ಮುಟ್ಟಲಿಲ್ಲ. ಆದರೆ ಸದ್ದು! ಕೀರಲು ದನಿ, ಪಕ್ಕದ ಕೋಣೆಯಲ್ಲಿ ಫೋನಿನಲ್ಲಿ ಮಾತಾಡುವವರು ಎದ್ದು ಹೋಗಬೇಕು. ಭಾರದ್ದರ ಸದ್ದು ತಗ್ಗಿನದು, ಸುತ್ತ ದಪ್ಪ ಹೊದಿಕೆಯೂ ಇದೆ. ನಲ್ಲಿ ನೀರಿನ ಸದ್ದೇ ಅದಕ್ಕಿಂತ ಜೋರು ಅನ್ನಿಸುತ್ತದೆ. ಮೊದಲ ವರ್ಷದಲ್ಲಿ ಒಂದು ಸಲ ಸಿಕ್ಕಿಕೊಂಡಿತು, ಮೂಳೆ ಚೂರು.

ಕೂರಿಸುವಾಗಿನ ಅಂತರ ಇನ್ನೂ ದೊಡ್ಡದು. ಹಗುರದ್ದನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಇನ್ನೊಂದರಲ್ಲಿ ಯಂತ್ರವನ್ನು ಸಿಂಕಿಗೆ ಸಿಕ್ಕಿಸುವ ರಿಂಗ್ ತಿರುಗಿಸಿದೆ, ಮುಗಿಯಿತು. ಭಾರದ್ದರ ತೂಕ ಹೆಚ್ಚುಕಡಿಮೆ ಅದರ ಎರಡರಷ್ಟು. ಒಬ್ಬನೇ ಎತ್ತಲು ಹೋಗಿ ಭುಜ ಹಿಡಿದುಕೊಂಡಿತು. ಕೊನೆಗೆ ಪೇಂಟ್ ಡಬ್ಬಿ, ಅದರ ಮೇಲೆ ಎರಡು ದಪ್ಪ ಪುಸ್ತಕ, ಅದರ ಮೇಲೆ ಯಂತ್ರ ಇಟ್ಟು ಮೇಲಕ್ಕೆ ತಂದೆ.

ರಿಂಗಿನ ಕಥೆಯೂ ಕೇಳಿ. 1927ರಲ್ಲಿ ಅಮೆರಿಕದ ರೇಸಿನ್ ಊರಿನ ಜಾನ್ ಹ್ಯಾಮ್ಸ್ ಅನ್ನುವ ಆರ್ಕಿಟೆಕ್ಟ್ ಈ ಯಂತ್ರವನ್ನು ಮೊದಲು ಮಾಡಿದರು, 1935ರಲ್ಲಿ ಪೇಟೆಂಟ್ ಸಿಕ್ಕಿತು. ಇಷ್ಟು ಕಾಲವಾದರೂ ಒಂದು ಕಂಪನಿಯ ರಿಂಗಿಗೆ ಇನ್ನೊಂದು ಕಂಪನಿಯ ಯಂತ್ರ ಕೂರುತ್ತದೆ ಅನ್ನುವ ಭರವಸೆ ಇಲ್ಲ. ಹಳೆಯದರ ಜಾತಿಯ ರಿಂಗೇ ಇರುವುದನ್ನು ತಂದರೆ ಫ್ಲೇಂಜ್, ಪುಟ್ಟಿ ಯಾವುದನ್ನೂ ಮುಟ್ಟಬೇಕಿಲ್ಲ. ನಾನು ಎರಡೂ ಸಲ ಬೇರೆ ತಂದು ಎರಡೂ ಸಲ ಪುಟ್ಟಿ ಕೆರೆದೆ. ಹೊಸದಾಗಿ ಹಾಕಿಸುವವರು ಸಿಂಕಿನ ತೂತನ್ನೂ ಅಳೆಯಿರಿ. ಮೂರೂವರೆ ಇಂಚು, ಅಂದರೆ ಸುಮಾರು 90 ಮಿಲಿಮೀಟರ್ ಬೇಕು. ಬಹಳ ಸಿಂಕುಗಳಲ್ಲಿ ಅಷ್ಟು ಇರುವುದಿಲ್ಲ.

ಅದಕ್ಕಿಂತ ಮುಖ್ಯವಾದ ಅಳತೆಯೊಂದಿದೆ, ಡಬ್ಬಿಯ ಮೇಲೆ ಅದು ಯಾರ ಕಣ್ಣಿಗೂ ಬೀಳಲ್ಲ. ಯಂತ್ರದಿಂದ ನೀರು ಹೊರಬರುವ ಬಾಯಿ ಎಷ್ಟು ಕೆಳಗಿದೆ ಅನ್ನುವುದು. ಭಾರದ್ದು ಉದ್ದವೂ ಜಾಸ್ತಿ, ಅದರ ಬಾಯಿ ಹಳೆಯದಕ್ಕಿಂತ ಮೂರು ಬೆರಳು ಕೆಳಗೆ ಬಂತು, ಗೋಡೆಯೊಳಗೆ ಹೋಗುವ ಪೈಪಿಗಿಂತಲೂ ಕೆಳಗೆ. ನೀರು ಹತ್ತಿ ಹೋಗಲ್ಲವಲ್ಲ! ಬಳುಕುವ ಪೈಪ್ ಹಾಕಿ ಸುಧಾರಿಸಲು ನೋಡಿದೆ, ವಾರದಲ್ಲಿ ಮಡ್ಡಿ ಕಟ್ಟಿ ನಾತ. ಕೊನೆಗೆ ಪ್ಲಂಬರ್ ಬಂದು ಗೋಡೆಯ ಪೈಪನ್ನೇ ಕೆಳಗಿಳಿಸಬೇಕಾಯಿತು. ಯಂತ್ರದ ಮೇಲೆ ಆದ ಖರ್ಚಿನ ಅರ್ಧದಷ್ಟು ಇಲ್ಲೇ ಹೋಯಿತು. ಹಗುರದ್ದಕ್ಕೆ ಈ ಯಾವ ರಗಳೆಯೂ ಇರಲಿಲ್ಲ.

ಇನ್ನೊಂದು ಪೆದ್ದುತನ ಎರಡಕ್ಕೂ ಸಮಾನ. ಪಾತ್ರೆ ತೊಳೆಯುವ ಯಂತ್ರದ ಪೈಪ್ ಸೇರಿಸುವ ಬಾಯಿಗೆ ಒಳಗಡೆ ಒಂದು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಆ ಪೈಪ್ ಸೇರಿಸುವವರು ಮೊದಲೇ ಅದನ್ನು ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಿಂದ ಬಡಿದು ಬೀಳಿಸಿ, ಬಿದ್ದ ಚೂರನ್ನು ಎತ್ತಿ ಹಾಕಬೇಕು. ನಾನು ಮರೆತೆ. ಪಾತ್ರೆ ಯಂತ್ರದ ನೀರೆಲ್ಲ ಅದರೊಳಗೇ ನಿಂತಿತು.

ಈಗ ನನ್ನನ್ನು ಕೇಳಿದರೆ, ಹಳೆಯದರ ತಳ ಒಣಗಿದ್ದರೆ ಹೊಸದರ ಯೋಚನೆಯೇ ಬೇಡ. ಬದಲಿಸಲೇಬೇಕು, ಗೋಡೆಯ ಪೈಪ್ ಎತ್ತರದಲ್ಲಿದೆ, ಕೂರಿಸುವವರು ನೀವೇ ಅಂದರೆ ಹಗುರದ್ದು. ಅಡುಗೆಮನೆ ಹಾಲಿಗೆ ತೆರೆದುಕೊಂಡಿದೆ, ದಿನಕ್ಕೆ ನಾಲ್ಕಾರು ಸಲ ಓಡುತ್ತೆ ಅಂದರೆ ಭಾರದ್ದು. ನಮ್ಮ ಮನೆಗೆ ಅದೇ ಸರಿ, ಪೈಪಿನ ಪಾಡು ಪಟ್ಟ ಮೇಲೂ ಇದನ್ನೇ ಹೇಳುತ್ತೇನೆ. ಯಾವುದೇ ಆಗಲಿ, ತಣ್ಣೀರು ಬಿಟ್ಟುಕೊಂಡೇ ಓಡಿಸಿ. ಬಿಸಿನೀರಿಗೆ ಜಿಡ್ಡು ಕರಗಿ ಮುಂದೆ ಪೈಪಿನಲ್ಲಿ ಗಟ್ಟಿಯಾಗುತ್ತದೆ. ಅರೆದಾದ ಮೇಲೂ ಕಾಲು ನಿಮಿಷ ನೀರು ಹರಿಯಲಿ. ನಾರು, ಎಣ್ಣೆ ಎರಡೂ ಬೇಡ.

ಹಗುರದ್ದು ಅಕ್ಕನ ಮನೆಯಲ್ಲಿ ಈಗಲೂ ಕಿರುಚುತ್ತಿದೆ. ಬದಲಿಸಿ ಕೊಡಲಾ ಅಂತ ಕೇಳಿದೆ. "ಬೇಡ ಕಣೋ, ಈ ಸದ್ದಿಗೆ ಮಕ್ಕಳು ಸಿಂಕಿನ ಹತ್ತಿರಾನೂ ಸುಳಿಯಲ್ಲ" ಅಂದಳು.