ಅಸೈಲಮ್ಮೋ ಕೋವೆನ್ನೋ? ‘ಅಮೆರಿಕನ್ ಹಾರರ್ ಸ್ಟೋರಿ’ ನೋಡಿದ ಮೇಲಿನ ಜಗಳ

ನಮ್ಮ ಮನೆಯಲ್ಲಿ ಈ ಜಗಳ ಇನ್ನೂ ಮುಗಿದಿಲ್ಲ. ನನಗೆ ಎರಡನೇ ಸೀಸನ್ ‘ಅಸೈಲಮ್’ ಇಷ್ಟ. ತಂಗಿಗೆ ಮೂರನೆಯದು, ‘ಕೋವೆನ್’. ಹೋದ ಮಳೆಗಾಲದಲ್ಲಿ ರಾತ್ರಿ ಊಟ ಆದ ಮೇಲೆ ಇಬ್ಬರೂ ಕೂತು ‘ಅಮೆರಿಕನ್ ಹಾರರ್ ಸ್ಟೋರಿ’ ನೋಡಲು ಶುರು ಮಾಡಿದೆವು. ಮುಗಿಯುವ ಹೊತ್ತಿಗೆ ಮಳೆ ನಿಂತು ಚಳಿ ಬಂದಿತ್ತು.

ರಯಾನ್ ಮರ್ಫಿ ಮತ್ತು ಬ್ರಾಡ್ ಫಾಲ್ಚಕ್ ಸೇರಿ ಮಾಡಿದ ಟಿವಿ ಸರಣಿ ಇದು. 2011ರ ಅಕ್ಟೋಬರ್‌ನಲ್ಲಿ ಶುರುವಾಗಿ 2024ರ ಹೊತ್ತಿಗೆ 12 ಸೀಸನ್ ಆಗಿದೆ. ಪ್ರತಿ ಸಲ ಕತೆ ಬೇರೆ, ಊರು ಬೇರೆ, ಆದರೆ ನಟರು ಹೆಚ್ಚುಕಡಿಮೆ ಅವರೇ. ನಮ್ಮ ಕಂಪನಿ ನಾಟಕದ ಹಾಗೆ, ನಿನ್ನೆ ರಾಜನಾದವನು ಇವತ್ತು ಕಳ್ಳ. ಹಾಗಾಗಿ ಯಾವುದರಿಂದ ಬೇಕಾದರೂ ಶುರು ಮಾಡಬಹುದು. ಜಗಳಕ್ಕೆ ಮೂಲವೂ ಅದೇ. ಯಾರು ಯಾವ ಬಾಗಿಲಿನಿಂದ ಒಳಗೆ ಬಂದರೋ ಅವರಿಗೆ ಅದೇ ಸೀಸನ್ ದೊಡ್ಡದು.

ನಾವು ಮೊದಲನೆಯದರಿಂದಲೇ ಬಂದೆವು. ‘ಮರ್ಡರ್ ಹೌಸ್’. ಬಾಸ್ಟನ್‌ನಿಂದ ಲಾಸ್ ಏಂಜಲೀಸ್‌ಗೆ ಬರುವ ಒಂದು ಸಂಸಾರ, ತಪ್ಪು ಮಾಡಿ ಸಿಕ್ಕಿಬಿದ್ದ ಗಂಡ, ಒಂದು ಹಳೇ ದೊಡ್ಡ ಮನೆ. ಅಲ್ಲಿ ಸತ್ತವರು ಅಲ್ಲೇ ಉಳಿಯುತ್ತಾರೆ. ಅಲ್ಲಿನ ದೆವ್ವಗಳ ಹಬ್ಬ ಹ್ಯಾಲೋವೀನ್ ದಿನ ಮಾತ್ರ ಹೊಸ್ತಿಲು ದಾಟಬಹುದು. ಅಮ್ಮ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಾ ಕೇಳಿಸಿಕೊಂಡರು. “ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಮನೆಗೆ ಬರ್ತಾರೆ, ಅವರಲ್ಲಿ ಹೊರಗೆ ಹೋಗ್ತಾರೆ, ಅಷ್ಟೇ ಅಲ್ವಾ” ಅಂದರು. ಆ ಮನೆಯ ಕೆಲಸದಾಕೆ ಗಂಡಸರ ಕಣ್ಣಿಗೆ ಚೆಲುವೆಯಾದ ಹುಡುಗಿ, ಹೆಂಡತಿಯ ಕಣ್ಣಿಗೆ ಒಂದು ಕಣ್ಣು ಮಸುಕಾದ ಮುದುಕಿ. ಯಾರೂ ಕಿರುಚುವುದಿಲ್ಲ, ರಕ್ತವಿಲ್ಲ, ಆದರೂ ಆ ಸಂಸಾರದಲ್ಲಿ ಏನು ಕೆಟ್ಟಿದೆ ಅಂತ ಅದೊಂದರಲ್ಲೇ ಗೊತ್ತಾಗುತ್ತದೆ. ಈ ಸೀಸನ್ ಬಗ್ಗೆ ನಮ್ಮಿಬ್ಬರಿಗೂ ತಕರಾರಿಲ್ಲ.

ಅಸೈಲಮ್ ಬಂದಾಗ ದಾರಿ ಬೇರೆಯಾಯಿತು. 1964, ಬ್ರಯರ್‌ಕ್ಲಿಫ್ ಅನ್ನುವ ಹುಚ್ಚಾಸ್ಪತ್ರೆ, ನಡೆಸುವವರು ಕ್ರೈಸ್ತ ಸನ್ಯಾಸಿನಿಯರು. ಇದನ್ನು ಬೈಯುವವರ ಮಾತಲ್ಲೂ ಹುರುಳಿದೆ. ದೆವ್ವ ಹಿಡಿದ ಸನ್ಯಾಸಿನಿ, ನಾಜಿ ಡಾಕ್ಟರು, ಸರಣಿ ಕೊಲೆಗಾರ, ಸಾಲದ್ದಕ್ಕೆ ಅನ್ಯಗ್ರಹದವರು. ಫ್ರಿಜ್‌ನಲ್ಲಿ ಉಳಿದದ್ದನ್ನೆಲ್ಲ ಹಾಕಿ ಮಾಡಿದ ಸಾರು ಅಂತ ತಂಗಿ ನಕ್ಕಳು. ಅನ್ಯಗ್ರಹದವರನ್ನು ಕೈಬಿಟ್ಟಿದ್ದರೆ ನನಗೂ ಬೇಜಾರಾಗುತ್ತಿರಲಿಲ್ಲ.

ಆದರೆ ನನಗೆ ನಿದ್ದೆ ಕೆಡಿಸಿದ್ದು ಒಂದು ಸಹಿ. ಲಾನಾ ವಿಂಟರ್ಸ್ ಅನ್ನುವ ಪತ್ರಕರ್ತೆ ಸುದ್ದಿ ಹುಡುಕಿಕೊಂಡು ಒಳಗೆ ಹೋಗುತ್ತಾಳೆ. ಆಸ್ಪತ್ರೆ ನಡೆಸುವ ಸಿಸ್ಟರ್ ಜೂಡ್ ಅವಳ ಜೊತೆಗಾತಿಯ ಮನೆಗೆ ಬರುತ್ತಾಳೆ. ನಿಮ್ಮಿಬ್ಬರ ಸಂಬಂಧ ಊರಿಗೆಲ್ಲ ಗೊತ್ತಾದರೆ ನಿನ್ನ ಟೀಚರ್ ಕೆಲಸ ಏನಾಗುತ್ತದೆ ಅಂತ ಹೆದರಿಸುತ್ತಾಳೆ. ಅವಳು ಅಳುತ್ತಲೇ ಲಾನಾಳನ್ನು ಆಸ್ಪತ್ರೆಗೆ ಸೇರಿಸುವ ಕಾಗದಕ್ಕೆ ಸಹಿ ಹಾಕುತ್ತಾಳೆ. ಅಷ್ಟೇ, ಚೆನ್ನಾಗಿದ್ದ ಹೆಂಗಸು ಹುಚ್ಚಿಯಾದಳು. ಆಮೇಲೆ ಲಾನಾ ನಿಜ ಹೇಳಿದಷ್ಟೂ ಹುಚ್ಚು ಜಾಸ್ತಿ ಅಂತ ಬರೆದುಕೊಳ್ಳುತ್ತಾರೆ. ದೆವ್ವಕ್ಕಾದರೆ ಮಂತ್ರ ಇದೆ, ಇದಕ್ಕೆ ಏನು ಮಾಡುತ್ತೀರಿ? ರೋಗಿಗಳ ಹಾಲ್‌ನಲ್ಲಿ ಸದಾ ತಿರುಗುವ ಒಂದು ಖುಷಿಯ ಫ್ರೆಂಚ್ ಹಾಡಿದೆ. ಮರುದಿನ ದೋಸೆ ಹಿಟ್ಟು ರುಬ್ಬುವಾಗ ನಾನೇ ಅದನ್ನು ಗುನುಗುತ್ತಿದ್ದೆ. ಗೊತ್ತಾದ ತಕ್ಷಣ ಗ್ರೈಂಡರ್ ನಿಲ್ಲಿಸಿದೆ.

ಜೂಡ್ ಪಾತ್ರದ ಜೆಸ್ಸಿಕಾ ಲ್ಯಾಂಗ್ ಮೊದಲ ನಾಲ್ಕು ಸೀಸನ್‌ಗಳ ಬೆನ್ನೆಲುಬು. ಈ ಕ್ರೂರಿಯನ್ನೂ ಕೊನೆಗೆ ಪಾಪ ಅನ್ನುವ ಹಾಗೆ ಮಾಡಿಬಿಡುತ್ತಾರೆ. ಸಾರು ಎಷ್ಟೇ ಕಲಬೆರಕೆಯಾದರೂ ಜೂಡ್ ಮತ್ತು ಲಾನಾ ಇಬ್ಬರ ಕೈಯನ್ನು ಕತೆ ಕೊನೆಯವರೆಗೂ ಬಿಡುವುದಿಲ್ಲ.

ಕೋವೆನ್ ತನ್ನ ಪಾತ್ರಗಳ ಕೈ ಬಿಟ್ಟುಬಿಡುತ್ತದೆ, ನನ್ನ ತಕರಾರು ಅದೇ. ನ್ಯೂ ಆರ್ಲಿಯನ್ಸ್‌ನ ಮಾಟಗಾತಿಯರ ಶಾಲೆ, ಕಪ್ಪು ಬಟ್ಟೆ, ಚೂಪು ಮಾತು. ನೋಡಲು ಹಬ್ಬ. ಕ್ಯಾಥಿ ಬೇಟ್ಸ್ ಮಾಡಿರುವ ಲಾಲೋರಿ ನಿಜವಾಗಿ ಇದ್ದ ಹೆಂಗಸು. 1834ರಲ್ಲಿ ಅವಳ ಮನೆಗೆ ಬೆಂಕಿ ಬಿದ್ದಾಗ ಒಳಗೆ ಗುಲಾಮರನ್ನು ಕಟ್ಟಿ ಹಿಂಸಿಸಿದ್ದು ಬಯಲಾಯಿತು. ಲ್ಯಾಂಗ್ ಮತ್ತು ಬೇಟ್ಸ್ ಇಬ್ಬರಿಗೂ ಈ ಸೀಸನ್‌ಗೆ ಟಿವಿಯ ದೊಡ್ಡ ಪ್ರಶಸ್ತಿ ಎಮ್ಮಿ ಬಂತು. ಸರಿ, ಎಲ್ಲ ಒಪ್ಪಿದೆ. ಆದರೆ ಇಲ್ಲಿ ಸತ್ತವರು ಎರಡು ಎಪಿಸೋಡ್ ಕಳೆದರೆ ತಲೆ ಬಾಚಿಕೊಂಡು ವಾಪಸ್ ಬರುತ್ತಾರೆ. ಸಾವೇ ಸುಳ್ಳಾದ ಮೇಲೆ ಹೆದರುವುದು ಯಾವುದಕ್ಕೆ? “ಅಕ್ಕಾ, ನಾನು ಹೆದರೋಕೆ ನೋಡ್ತಿಲ್ಲ, ಮಜಾ ತಗೊಳೋಕೆ ನೋಡ್ತಿದ್ದೀನಿ” ಅನ್ನುವುದು ತಂಗಿಯ ಉತ್ತರ. ಅದಕ್ಕೆ ನನ್ನ ಹತ್ತಿರ ಮಾತಿಲ್ಲ.

‘ಫ್ರೀಕ್ ಶೋ’ದಲ್ಲಿ ಟ್ವಿಸ್ಟಿ ಅನ್ನುವ ಜೋಕರ್ ಭಯಂಕರ. ನಾಲ್ಕನೇ ಎಪಿಸೋಡಿಗೇ ಅವನ ಕತೆ ಮುಗಿಸಿದರು, ಆಮೇಲೆ ನಮ್ಮ ಆಸಕ್ತಿಯೂ ಮುಗಿಯಿತು. ‘ಹೋಟೆಲ್’ ಬಗ್ಗೆ ಹೇಳುವುದೇನಿಲ್ಲ, ಲೇಡಿ ಗಾಗಾ ಮತ್ತು ಕಾರ್ಪೆಟ್ ಎರಡೂ ಚೆನ್ನಾಗಿವೆ.

2016ರ ‘ರೋಅನೋಕ್’ ಬಗ್ಗೆ ಮಾತ್ರ ಒಂದು ಮಾತು. ಅರ್ಧಕ್ಕೆ ಬಿಟ್ಟವರೇ ಜಾಸ್ತಿ ಸಿಗುತ್ತಾರೆ, ಯಾಕೆ ಅಂತ ಅರ್ಥವಾಗುತ್ತದೆ. ಮೊದಲ ಐದು ಎಪಿಸೋಡ್ ಸಾಕ್ಷ್ಯಚಿತ್ರದ ಹಾಗಿದೆ. ಗಂಡ ಹೆಂಡತಿ ಕ್ಯಾಮೆರಾ ಮುಂದೆ ಕೂತು ತಮಗಾದದ್ದನ್ನು ಹೇಳುತ್ತಾರೆ, ಬೇರೆ ನಟರು ಅದನ್ನು ಮಾಡಿ ತೋರಿಸುತ್ತಾರೆ. ಹೇಳುವವರು ಬದುಕಿ ಕೂತಿದ್ದಾರಲ್ಲ, ಇನ್ನೇನು ಭಯ ಅಂತ ನನಗೂ ಆಕಳಿಕೆ ಬಂತು. ಆರನೇ ಎಪಿಸೋಡಿನಲ್ಲಿ ಅದೇ ಜನ, ಅದೇ ನಟರು ಎಲ್ಲರನ್ನೂ ಆ ಮನೆಗೆ ವಾಪಸ್ ಕರೆಸುತ್ತಾರೆ. ಒಬ್ಬರನ್ನು ಬಿಟ್ಟು ಎಲ್ಲರೂ ಸತ್ತರು ಅಂತ ಪರದೆ ಮೇಲೆ ಮೊದಲೇ ಬರೆದುಬಿಡುತ್ತಾರೆ. ನಾನು ದಿಂಬು ಎಳೆದುಕೊಂಡೆ. ಬಿಟ್ಟವರು ಇನ್ನೊಂದು ರಾತ್ರಿ ತಡೆದುಕೊಳ್ಳಬೇಕಿತ್ತು.

ನಂತರದವುಗಳಲ್ಲಿ ‘ಎನ್‌ವೈಸಿ’ ನೋಡಬಹುದು. 1981ರ ನ್ಯೂಯಾರ್ಕ್, ಏಡ್ಸ್ ಕಾಲಿಡುತ್ತಿರುವ ಹೊತ್ತು. ಹೆದರಿಕೆಗಿಂತ ದುಃಖ ಜಾಸ್ತಿ. ‘ಡಬಲ್ ಫೀಚರ್’ನ ಮೊದಲ ಕತೆ ಐದು ಎಪಿಸೋಡ್ ಸೊಗಸಾಗಿ ನಡೆದು ಆರನೆಯದರಲ್ಲಿ ಬಸ್ ಹಿಡಿಯುವ ಅವಸರದಲ್ಲಿ ಮುಗಿಯುತ್ತದೆ.

ಮೊನ್ನೆ ಭಾನುವಾರ ತಂಗಿ ಕೋವೆನ್ ಅನ್ನು ಮೂರನೇ ಸಲ ಹಾಕಿದಳು. ಸುಮ್ನೆ ಪಕ್ಕದಲ್ಲಿ ಕೂತವಳು ನಾಲ್ಕು ಎಪಿಸೋಡ್ ನೋಡಿದೆ, ಇಬ್ಬರೂ ನಕ್ಕೆವು. “ಈಗ ನಿನ್ನ ಅಸೈಲಮ್ ಹಾಕ್ಲಾ?” ಅಂತ ರಿಮೋಟ್ ಹಿಡಿದು ಕೇಳಿದಳು. ಬೇಡ ಅಂದೆ.