172 ಕೈಗೆ ಹತ್ತಿದ ಮೇಲೆ: ಪೈಪರ್ ಆ್ಯರೋನೋ, ಸೆಸ್ನಾ 182ಓ?

ಹಾರಾಟ ಕಲಿಯುವವರ ಪುಟ್ಟ ವಿಮಾನ ಸೆಸ್ನಾ 172ರಲ್ಲಿ ಕೈ ಪಳಗಿದವರ ಮುಂದೆ ಎರಡು ದಾರಿಗಳಿವೆ. ಒಂದು, ಚಕ್ರ ಒಳಗೆಳೆದುಕೊಳ್ಳುವ 200 ಎಚ್‌ಪಿಯ ಪೈಪರ್ ಆ್ಯರೋ 3. ಇನ್ನೊಂದು, ಚಕ್ರ ಹೊರಗೇ ಇರುವ 230 ಎಚ್‌ಪಿಯ ಸೆಸ್ನಾ 182ಟಿ. ಎರಡನ್ನೂ ಹಾರಿಸಿ ನೋಡಿದ ಮೇಲೆ ನಾವು ಹೇಳುವುದು: ಬೆಂಗಳೂರಿನವರಿಗೆ ಮೊದಲು 182.

ವೇಗ ಇದಕ್ಕೆ ಕಾರಣವಲ್ಲ. ಬೆಂಗಳೂರಿನ ಜಕ್ಕೂರು ಏರ್‌ಫೀಲ್ಡ್‌ನಿಂದ ಮೈಸೂರು ಸುಮಾರು 75 ನಾಟಿಕಲ್ ಮೈಲಿ. 172ಕ್ಕೆ 37 ನಿಮಿಷ ಹಿಡಿದರೆ 182ಕ್ಕೆ 31. ಹುಬ್ಬಳ್ಳಿಯಷ್ಟು ದೂರ ಹೋದರೆ ಹದಿನೇಳು ನಿಮಿಷ ಉಳಿಯುತ್ತದೆ. ಆ್ಯರೋ ಇವೆರಡರ ನಡುವೆ.

ಮುಖ್ಯವಾದದ್ದು ಊರಿನ ಎತ್ತರ. ಜಕ್ಕೂರು ಇರುವುದೇ ಸುಮಾರು 3,000 ಅಡಿಯಲ್ಲಿ. ಏಪ್ರಿಲ್ ಮಧ್ಯಾಹ್ನ 33 ಡಿಗ್ರಿ ಬಿಸಿಲಿದ್ದರೆ ಡೆನ್ಸಿಟಿ ಆಲ್ಟಿಟ್ಯೂಡ್ (ಗಾಳಿಯ ಸಾಂದ್ರತೆಗೆ ತಕ್ಕ ಎತ್ತರ) 5,900 ಅಡಿ ಮುಟ್ಟುತ್ತದೆ, ಎಂಜಿನ್ ತನ್ನ ಬಲದಲ್ಲಿ ಆರನೇ ಒಂದು ಪಾಲು ಕಳೆದುಕೊಳ್ಳುತ್ತದೆ. ಮಿಕ್ಸ್ಚರ್ (ಗಾಳಿಗೆ ಬೆರೆಯುವ ಇಂಧನದ ಪ್ರಮಾಣ ಹೊಂದಿಸುವ ಗುಂಡಿ) ಪೂರ್ತಿ ಒಳಗಿಟ್ಟು ಟೇಕಾಫ್ ಮಾಡಿದರೆ ಉಳಿದ ಬಲವೂ ಸಿಗದು. ಫ್ಯುಯೆಲ್ ಫ್ಲೋ ಪಟ್ಟಿ ನೋಡಿ ಲೀನ್ ಮಾಡಲೇಬೇಕು, ಅಂದರೆ ಇಂಧನ ತಗ್ಗಿಸಲೇಬೇಕು. ಥ್ರಾಟಲ್ ಪೂರ್ತಿ ಕೊಟ್ಟರೂ ಮ್ಯಾನಿಫೋಲ್ಡ್ ಪ್ರೆಷರ್ (ಎಂಜಿನ್ ಒಳಗೆ ಹೋಗುವ ಗಾಳಿಯ ಒತ್ತಡ) 26 ಇಂಚಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಎಂಜಿನ್ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಮೇಲೇರಿದಂತೆ ಸಾವಿರ ಅಡಿಗೆ ಒಂದಿಂಚು ಇಳಿಯುವುದರಿಂದ, 182ರಲ್ಲಿ 23 ಇಂಚು, 2,400 ಆರ್‌ಪಿಎಂಗೆ ಹೊಂದಿಸಿದ ಮೇಲೂ ಥ್ರಾಟಲನ್ನು ಆಗಾಗ ಮುಂದಕ್ಕೆ ತಳ್ಳುತ್ತಿರಬೇಕು. ಬಲ ಹೆಚ್ಚಿಸುವಾಗ ಮಿಕ್ಸ್ಚರ್, ಪ್ರಾಪ್ (ಪ್ರೊಪೆಲರ್ ತಿರುಗುವ ವೇಗದ ಲಿವರ್), ಥ್ರಾಟಲ್ ಎಂಬ ಕ್ರಮ. ತಗ್ಗಿಸುವಾಗ ಥ್ರಾಟಲ್ ಮೊದಲು. ಇಷ್ಟನ್ನು ಚಕ್ರದ ಚಿಂತೆಯಿಲ್ಲದೆ 182ರಲ್ಲಿ ಕಲಿಯಬಹುದು. ನಮ್ಮ ಆಯ್ಕೆಗೆ ಇದೇ ಆಧಾರ.

182ರ ತೊಂದರೆ ಅದರ ಮೂತಿ. ಮುಂದೆ ಇಬ್ಬರೇ ಕುಳಿತು ಹಿಂದೆ ಖಾಲಿ ಬಿಟ್ಟರೆ ಫ್ಲೇರ್‌ನಲ್ಲಿ (ನೆಲ ಮುಟ್ಟುವ ಮುನ್ನ ಮೂತಿ ಎತ್ತುವಾಗ) ಯೋಕ್ (ಚುಕ್ಕಾಣಿ) ಕಲ್ಲಿನಂತಾಗುತ್ತದೆ. ಮುಂದಿನ ಚಕ್ರ ಮೊದಲು ನೆಲಕ್ಕೆ ಬಡಿದು ವಿಮಾನ ಪುಟಿದರೆ ಫೈರ್‌ವಾಲ್ (ಎಂಜಿನ್ ಹಿಂದಿನ ಲೋಹದ ಗೋಡೆ) ಮಡಚಿಕೊಳ್ಳಬಹುದು, ರಿಪೇರಿ ಬಲು ದುಬಾರಿ. ಬ್ಯಾಗೇಜಿನಲ್ಲಿ ಸ್ವಲ್ಪ ಭಾರ ಕಟ್ಟಿ, ಫೈನಲ್‌ನಲ್ಲಿ (ರನ್‌ವೇ ನೇರಕ್ಕೆ ಇಳಿಯುವಾಗ) ಮೂತಿ ಮೇಲಕ್ಕೆ ಟ್ರಿಮ್ ಮಾಡಿ, ಫ್ಲಾಪ್ (ರೆಕ್ಕೆಯ ಹಿಂಬದಿಯ ಪಟ್ಟಿ) ಪೂರ್ತಿ ಇಳಿಸಿ 65 ನಾಟ್ ಹಿಡಿಯಿರಿ. ಪುಟಿದರೆ ಮೂತಿ ಒತ್ತಬೇಡಿ, ಗೋ ಅರೌಂಡ್ ಮಾಡಿ, ಅಂದರೆ ಮತ್ತೆ ಮೇಲೇರಿ ಸುತ್ತಿ ಬನ್ನಿ.

ಆ್ಯರೋದಲ್ಲಿ ಬೇರೆಯೇ ಪಾಠ. ಇಂಧನ ಎಡ ಟ್ಯಾಂಕಿನಿಂದ, ಇಲ್ಲವೇ ಬಲ ಟ್ಯಾಂಕಿನಿಂದ. 182ರಂತೆ ಎರಡೂ ಒಟ್ಟಿಗೆ ಬರುವುದಿಲ್ಲ. ಅರ್ಧ ಗಂಟೆಗೊಮ್ಮೆ ಬದಲಿಸಿ. ಚಕ್ರ ಇಳಿಸುವುದು 129 ನಾಟ್‌ಗಿಂತ ಕೆಳಗೆ, ಫ್ಲಾಪ್ 103ರ ಕೆಳಗೆ. ಚಕ್ರ, ಫ್ಲಾಪ್ ಎರಡೂ ಇಳಿದು ಪ್ರಾಪ್ ಪೂರ್ತಿ ಮುಂದಿರುವಾಗ 172ರ ಅಭ್ಯಾಸದಂತೆ ಥ್ರಾಟಲ್ ಎಳೆದರೆ ವಿಮಾನ ಕುಸಿಯುತ್ತದೆ. ರನ್‌ವೇ ಅಂಚು ದಾಟುವವರೆಗೆ ಸ್ವಲ್ಪ ಪವರ್ ಇರಲಿ. ಇಳಿಯುವ ಸುತ್ತಿನ ಮೂರು ಹಂತಗಳಾದ ಡೌನ್‌ವಿಂಡ್‌ನಲ್ಲೊಮ್ಮೆ, ಬೇಸ್‌ನಲ್ಲೊಮ್ಮೆ, ಫೈನಲ್‌ನಲ್ಲೊಮ್ಮೆ ಚಕ್ರ ಇಳಿದು ಕೂತಿದೆ ಎನ್ನುವ ಮೂರು ಹಸಿರು ದೀಪಗಳನ್ನು ಬೆರಳಿಟ್ಟು ಎಣಿಸಿ. ಹಗಲಲ್ಲಿ ಮೂರೂ ಕಾಣದಿದ್ದರೆ ಮೊದಲು ಪ್ಯಾನೆಲ್ ಲೈಟಿನ ಸ್ವಿಚ್ ನೋಡಿ: ಅದು ಆನ್ ಇದ್ದರೆ ಗೇರ್ ದೀಪಗಳು ಮಂಕಾಗಿ ಆರಿಹೋದಂತೆ ಕಾಣುತ್ತವೆ. ಒಂದೇ ದೀಪ ಹತ್ತದಿದ್ದರೆ ಪಕ್ಕದ ಬಲ್ಬನ್ನು ಅಲ್ಲಿ ಹಾಕಿ ಪರೀಕ್ಷಿಸಿ. ಅದೂ ಹತ್ತಲಿಲ್ಲವೆಂದರೆ ಮಾತ್ರ ಚಕ್ರ ಇಳಿಸುವ ಎಮರ್ಜೆನ್ಸಿ ಲಿವರ್‌ಗೆ ಕೈ ಹಾಕಿ.