ಇವತ್ತಿನ ಪುಟಕ್ಕೆ ಯಾವುದು ಒಳ್ಳೆಯದು? ಫೋನು, ಗೋಡೆ ಕ್ಯಾಲೆಂಡರ್, ಪಂಚಾಂಗ, ಡೈರಿ

ದಿನಾ ಬೆಳಗ್ಗೆ ಕಾಫಿ ಕುಡಿಯುತ್ತಾ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಪುಟ್ಟ ಬರಹ ಕಳಿಸುತ್ತೇನೆ. ಅದಕ್ಕೆ 'ಇವತ್ತಿನ ಪುಟ' ಅಂತ ಹೆಸರು. ಅದರಲ್ಲಿ ಮೂರೇ ಸಂಗತಿ. ಹಿಂದೆ ಈ ದಿನ ನಡೆದ ಒಂದು ಘಟನೆ, ಗೊತ್ತಾದರೆ ಖುಷಿಯಾಗುವ ಒಂದು ಚಿಕ್ಕ ವಿಷಯ, ಕೊನೆಯಲ್ಲಿ ನಮ್ಮ ಮನೆಯದೇ ಒಂದು ಮಾತು. 2019ರ ಜನವರಿಯಲ್ಲಿ ಶುರು ಮಾಡಿದ್ದು, ಇನ್ನೂ ನಿಲ್ಲಿಸಿಲ್ಲ.

ಇಷ್ಟು ವರ್ಷದಲ್ಲಿ ಈ ಪುಟಕ್ಕೆ ಸಾಮಾನು ಹುಡುಕಿಕೊಂಡು ನಾಲ್ಕು ಕಡೆ ಹೋಗಿದ್ದೇನೆ. ಫೋನು, ಅಡುಗೆಮನೆ ಗೋಡೆಯ ಕ್ಯಾಲೆಂಡರ್, ಅಪ್ಪನ ಪಂಚಾಂಗ, ಒಂದು ಹಳೇ ಡೈರಿ. ಯಾವುದು ಒಳ್ಳೆಯದು ಅಂತ ತಂಗಿ ಮೊನ್ನೆ ಕೇಳಿದಳು. ಅವಳೂ ತನ್ನ ಮಕ್ಕಳಿಗಾಗಿ ಇಂಥದ್ದೊಂದು ಶುರು ಮಾಡಬೇಕಂತೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಹಿಡಿದದ್ದು ಫೋನನ್ನೇ. ಎಂಟು ತಿಂಗಳು ಬರೀ ಫೋನಿನಿಂದಲೇ ಪುಟ ಕಟ್ಟಿದೆ. 'ಈ ದಿನ' ಅಂತ ಹುಡುಕಿದರೆ ಸಾಕು, ನೂರು ಸಂಗತಿ ಬಂದು ಬೀಳುತ್ತವೆ. ಸಮಯ ಉಳಿಯುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಂದದ್ದರಲ್ಲಿ ಲಂಡನ್, ವಾಷಿಂಗ್ಟನ್ ಸುದ್ದಿಯೇ ಜಾಸ್ತಿ. ಜುಲೈ 1ರಂದು ಏನೇನೋ ಬಂತು. 1843ರ ಅದೇ ದಿನ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರತಂದದ್ದು, ಅದೇ ಕನ್ನಡದ ಮೊದಲ ಪತ್ರಿಕೆ ಅನ್ನುವುದು ಮಾತ್ರ ಬರಲಿಲ್ಲ. ಅದನ್ನು ನಾನೇ ಬೇರೆಯಾಗಿ ಹುಡುಕಬೇಕಾಯಿತು. ನಮ್ಮ ಕಡೆಯದು ಬೇಕಾದರೆ ನಮಗೆ ಮೊದಲೇ ಗೊತ್ತಿರಬೇಕು. ಗೊತ್ತಿಲ್ಲದ್ದನ್ನು ಫೋನು ತಾನಾಗಿ ತಂದುಕೊಡುವುದು ಕಮ್ಮಿ.

ತಪ್ಪುಗಳೂ ನುಸುಳುತ್ತವೆ. ಆ ವರ್ಷದ ರಾಜ್ಯೋತ್ಸವಕ್ಕೆ ಯಾರೋ ಕಳಿಸಿದ್ದನ್ನು ಹಾಗೇ ನಂಬಿ, '1956ರ ನವೆಂಬರ್ 1ರಂದು ಕರ್ನಾಟಕ ಅಂತ ಹೆಸರಿಟ್ಟರು' ಎಂದು ಬರೆದುಬಿಟ್ಟೆ. ಐದೇ ನಿಮಿಷಕ್ಕೆ ಚಿಕ್ಕಪ್ಪ ಫೋನ್ ಮಾಡಿದರು. 'ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ನಮ್ಮದು ಇನ್ನೂ ಮೈಸೂರು ರಾಜ್ಯ ಕಣಪ್ಪ' ಅಂದರು. ನಿಜ. 1956ರಲ್ಲಿ ಒಂದಾದದ್ದು ನಾಡು. ಕರ್ನಾಟಕ ಅನ್ನುವ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಎರಡೂ ಒಂದೇ ತಾರೀಕಿಗೆ ಬರುವುದರಿಂದ ತುಂಬಾ ಜನ ಹೀಗೇ ಕಲಸಿಬಿಡುತ್ತಾರೆ. ಅವತ್ತಿನಿಂದ ಎರಡು ಕಡೆ ನೋಡದೆ ಯಾವ ಇಸವಿಯನ್ನೂ ಕಳಿಸುವುದಿಲ್ಲ.

ಫೋನಿನಲ್ಲಿ ಇನ್ನೊಂದು ಇದೆಯಲ್ಲ, 'ಮೂರು ವರ್ಷದ ಹಿಂದೆ ಈ ದಿನ' ಅಂತ ಹಳೇ ಫೋಟೋ ತೋರಿಸುವುದು? ಮನೆಯ ಮಾತಿಗೆ ಅದೇ ಸಾಕು ಅಂದುಕೊಂಡಿದ್ದೆ. ಸಾಕಾಗಲಿಲ್ಲ. ಮದುವೆ, ನಾಮಕರಣ, ಪ್ರವಾಸ, ಇವೇ ಬರುತ್ತವೆ. ಸುಮ್ನೆ ಕಳೆದ ಮಂಗಳವಾರಕ್ಕೆ ಯಾರೂ ಫೋಟೋ ತೆಗೆದಿರುವುದಿಲ್ಲ. ನನಗೆ ಬೇಕಾದದ್ದು ಆ ಮಂಗಳವಾರ.

ಅದು ಸಿಕ್ಕಿದ್ದು ಗೋಡೆಯ ಮೇಲೆ. ಮೈಸೂರಿನ ನಮ್ಮ ಅಡುಗೆಮನೆಯಲ್ಲಿ, ಫ್ರಿಜ್ಜಿನ ಪಕ್ಕದ ಮೊಳೆಗೆ ಯಾವಾಗಲೂ ಒಂದು ಕ್ಯಾಲೆಂಡರ್ ತೂಗುತ್ತಿರುತ್ತದೆ. ನಮ್ಮ ಕಡೆ ಬೆಂಗಳೂರು ಪ್ರೆಸ್ಸಿನದು. ಗದಗದ ಕಡೆಯ ಗೆಳೆಯರ ಮನೆಗೆ ಹೋದರೆ ಶಾಬಾದಿಮಠದ್ದು. ದಿನಕ್ಕೊಂದು ಚೀಟಿ ಹರಿಯುವ ಕ್ಯಾಲೆಂಡರನ್ನೂ ಒಂದು ವರ್ಷ ತಂದಿದ್ದೆ. ಹರಿದು ಎಸೆದ ಮೇಲೆ ದಿನವೂ ಹೋಯಿತು, ಹಾಗಾಗಿ ಅದನ್ನು ಅಲ್ಲಿಗೇ ಬಿಟ್ಟೆ.

ತಿಂಗಳಿಗೊಂದು ಹಾಳೆಯ ಕ್ಯಾಲೆಂಡರಿನಲ್ಲಿ ಅಚ್ಚಾಗಿ ಬಂದದ್ದಕ್ಕಿಂತ ಅಮ್ಮ ಬರೆದದ್ದೇ ಹೆಚ್ಚು. ಒಂದೊಂದು ಚೌಕದಲ್ಲೂ ಹಾಲಿನ ಲೆಕ್ಕ. ಒಂದು ಗೀಟು ಅಂದರೆ ಅರ್ಧ ಲೀಟರು, ಎರಡು ಗೀಟು ಅಂದರೆ ಮನೆಗೆ ನೆಂಟರು ಬಂದಿದ್ದಾರೆ, ಸೊನ್ನೆ ಅಂದರೆ ನಾವು ಊರಲ್ಲಿಲ್ಲ. 'ಗ್ಯಾಸ್ ಬಂತು', 'ಪಿಂಚಣಿ', 'ಲಕ್ಷ್ಮಮ್ಮ ರಜ'. ಒಂದು ಸೆಪ್ಟೆಂಬರಿನ ಹಾಳೆಯನ್ನು ಕೂತು ಓದಿದೆ. ಸಾಲಾಗಿ ನಾಲ್ಕು ಚೌಕದಲ್ಲಿ ಎರಡೆರಡು ಗೀಟು, ಐದನೆಯದರಲ್ಲಿ ಒಂದು. ಅತ್ತೆ ಬಂದು ನಾಲ್ಕು ದಿನ ಇದ್ದು ಹೋದದ್ದು ಕಣ್ಣ ಮುಂದೆ ಬಂತು. ಯಾರ ಮನೆಯಲ್ಲಾದರೂ ಚರಿತ್ರೆ ಹೀಗೇ ಬರೆದಿರುತ್ತದೆ, ಅಲ್ವಾ?

ತೊಂದರೆ ಒಂದೇ. ಚೌಕ ಚಿಕ್ಕದು. ಎರಡು ಪದಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ವರ್ಷ ಮುಗಿದ ಕೂಡಲೇ ಆ ದಪ್ಪ ಕಾಗದ ಡಬ್ಬಿಗಳ ಕೆಳಗೆ ಹಾಸೋದಕ್ಕೆ ಹೋಗುತ್ತದೆ. 2016ರ ನಮ್ಮ ಮನೆ ಹಾಗೆ ಬೇಳೆ ಡಬ್ಬಿಯ ಕೆಳಗೇ ಸವೆದುಹೋಯಿತು. ಈಗ ಪ್ರತಿ ಡಿಸೆಂಬರ್ 31ಕ್ಕೆ ನಾನೇ ಮೊಳೆಯಿಂದ ಬಿಚ್ಚಿ, ಸುತ್ತಿ, ಅಟ್ಟದ ಮೇಲೆ ಇಡುತ್ತೇನೆ.

ಪಂಚಾಂಗದ ವಿಚಾರಕ್ಕೆ ಬಂದರೆ ಸ್ವಲ್ಪ ಹೆಚ್ಚೇ ಹೇಳಬೇಕು. ನಾಲ್ಕರಲ್ಲಿ ನನಗೆ ಹೆಚ್ಚು ಕಲಿಸಿದ್ದು ಅದೇ. ಅಪ್ಪ ಇರುವುದು ತಿಪಟೂರಿನ ಹತ್ತಿರ ಹಳ್ಳಿಯಲ್ಲಿ. ಪ್ರತಿ ಯುಗಾದಿಗೂ ಒಂಟಿಕೊಪ್ಪಲ್ ಪಂಚಾಂಗ ತರಿಸುತ್ತಾರೆ. 2020ರಲ್ಲಿ ಯುಗಾದಿ ಬಂದದ್ದು ಮಾರ್ಚ್ 25ಕ್ಕೆ. ದೇಶಕ್ಕೆಲ್ಲ ಲಾಕ್‌ಡೌನ್ ಶುರುವಾದ ದಿನವೂ ಅದೇ. ದೇವಸ್ಥಾನದಲ್ಲಿ ಪಂಚಾಂಗ ಶ್ರವಣ ನಡೆಯಲಿಲ್ಲ. ಅಪ್ಪ ತಮ್ಮ ಪ್ರತಿ ತೆಗೆದು ಫೋನಿನಲ್ಲೇ ನಮಗೆ ಓದಿದರು. ಹೊಸ ಸಂವತ್ಸರದ ಹೆಸರು ಶಾರ್ವರಿ. ಶರ್ವರಿ ಅಂದರೆ ರಾತ್ರಿ ಅಂತ ಅವರು ಹೇಳಿದಾಗ ಈ ಕಡೆ ಯಾರೂ ಮಾತಾಡಲಿಲ್ಲ. ಆಮೇಲೆ ತಿಂಗಳುಗಟ್ಟಲೆ ದಿನಾ ಸಂಜೆ ಫೋನ್ ಮಾಡಿ ನಾಳೆಯ ತಿಥಿ, ನಕ್ಷತ್ರ ಹೇಳುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ.

ತಿಥಿ ಅಂದರೆ ಏನು ಅಂತ ಆಗ ಸರಿಯಾಗಿ ತಿಳಿಯಿತು. ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿದರೆ ಒಂದು ತಿಥಿ. ಚಂದ್ರನ ವೇಗ ಒಂದೇ ಸಮ ಇರುವುದಿಲ್ಲ. ಹಾಗಾಗಿ ತಿಥಿ ಸುಮಾರು 19 ಗಂಟೆಯಲ್ಲೂ ಮುಗಿಯಬಹುದು, 26 ಗಂಟೆಯವರೆಗೂ ಎಳೆಯಬಹುದು. ಸೂರ್ಯ ಹುಟ್ಟುವಾಗ ಯಾವ ತಿಥಿ ಇರುತ್ತದೋ ಆ ದಿನಕ್ಕೆ ಅದೇ ಹೆಸರು. ಒಂದು ತಿಥಿ ಬೆಳಗಾದ ಮೇಲೆ ಶುರುವಾಗಿ ಮರುದಿನ ಬೆಳಗಾಗುವ ಮೊದಲೇ ಮುಗಿದರೆ, ಯಾವ ದಿನಕ್ಕೂ ಅದರ ಹೆಸರು ಸಿಗುವುದಿಲ್ಲ. 'ಹಬ್ಬ ಇವತ್ತೋ ನಾಳೆಯೋ' ಅಂತ ಪ್ರತಿ ವರ್ಷ ಮನೆಯಲ್ಲಿ ಎದ್ದೇಳುವ ಮಾತಿಗೆ ಮೂಲ ಇದು.

ಇದರಿಂದ ನನ್ನ ಪುಟಕ್ಕೆ ಆದ ಲಾಭ ನೋಡಿ. ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29. ಅದು ತಾರೀಕಿನ ನೆನಪು, ಫೋನು ತಪ್ಪದೆ ಹೇಳುತ್ತದೆ. ಬಸವ ಜಯಂತಿ ವೈಶಾಖ ಶುದ್ಧ ತದಿಗೆಯ ನೆನಪು. 2024ರಲ್ಲಿ ಮೇ 10ಕ್ಕೆ ಬಂತು, 2025ರಲ್ಲಿ ಏಪ್ರಿಲ್ 30ಕ್ಕೆ. ಬರೀ ತಾರೀಕು ಹಿಡಿದು ಕೂತರೆ ಬಸವಣ್ಣ ಕೈಗೆ ಸಿಗುವುದಿಲ್ಲ.

ಮಳೆಯೂ ಅಷ್ಟೆ. ಏಪ್ರಿಲ್ ಕೊನೆಗೆ ಭರಣಿ, ಮೇ 25ರ ಸುಮಾರಿಗೆ ರೋಹಿಣಿ, ಜೂನ್ 22ರ ಹೊತ್ತಿಗೆ ಆರಿದ್ರಾ. ಸೂರ್ಯ ಒಂದೊಂದು ನಕ್ಷತ್ರದಲ್ಲೂ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ, ಆ ದಿನಗಳ ಮಳೆಗೆ ಅದರದೇ ಹೆಸರು. ಅಪ್ಪನ ಹೊಲದ ಹೆಸರುಕಾಳು, ಎಳ್ಳು ಎಲ್ಲ ನಿಂತಿರುವುದು ಭರಣಿಯ ಮೇಲೆ. 'ಭರಣಿ ಸುರಿದರೆ ಧರಣಿ ಬದುಕೀತು' ಅನ್ನುತ್ತಾರೆ. ಫೋನು ಮಳೆ ಬರುವ ಗಂಟೆ ಹೇಳುತ್ತದೆ. ಪಂಚಾಂಗ ಮಳೆಯ ಹೆಸರು ಹೇಳುತ್ತದೆ. ಬಿತ್ತುವವರಿಗೆ ಎರಡೂ ಬೇಕು. ನನ್ನ ಪುಟಕ್ಕೆ ಮಾತ್ರ ಹೆಸರೇ ಹೆಚ್ಚು ಕೆಲಸಕ್ಕೆ ಬಂತು.

ಪಂಚಾಂಗಕ್ಕೂ ಮಿತಿ ಇದೆ. ಅಕ್ಷರ ಸಣ್ಣ, ಸಂಕೇತ ಜಾಸ್ತಿ. ಘಳಿಗೆ, ವಿಘಳಿಗೆ ಓದಲು ಯಾರಾದರೂ ಪಕ್ಕದಲ್ಲಿ ಕೂತು ಹೇಳಿಕೊಡಬೇಕು. 24 ನಿಮಿಷಕ್ಕೆ ಒಂದು ಘಳಿಗೆ ಅಂತ ಗೊತ್ತಾಗುವವರೆಗೆ ಆ ಕೋಷ್ಟಕಗಳು ನನಗೆ ಬಾಯೇ ಬಿಡಲಿಲ್ಲ. ಮನೆಯ ಮಾತು ಬರೆಯಲು ಅದರಲ್ಲಿ ಅಂಚೂ ಇಲ್ಲ.

ಒಂದೇ ಘಟನೆಯನ್ನು ಮೂರರ ಮುಂದೂ ಇಟ್ಟು ನೋಡಿದ್ದೇನೆ. 2019ರ ಜುಲೈ 20ರ ಬೆಳಗ್ಗೆ, 'ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಇವತ್ತಿಗೆ 50 ವರ್ಷ' ಅಂತ ಫೋನು ಹೇಳಿತು. ಹಾಗೇ ಕಳಿಸಿದೆ. ಅಪ್ಪ ಒಪ್ಪಲಿಲ್ಲ. 'ನಾವು ರೇಡಿಯೋದಲ್ಲಿ ಕೇಳಿದ್ದು ಸೋಮವಾರ. ಜುಲೈ 20 ಭಾನುವಾರ ಅಲ್ವಾ?' ಅಂದರು. ಲೆಕ್ಕ ಹಾಕಿದೆ. ಅಪೋಲೋ 11ರ ನೌಕೆ ಚಂದ್ರನ ಮೇಲೆ ಇಳಿದಾಗ ನಮ್ಮಲ್ಲಿ ರಾತ್ರಿ 1 ಗಂಟೆ 47 ನಿಮಿಷ. ಆಗಲೇ ಜುಲೈ 21 ಹುಟ್ಟಿತ್ತು. ಆರ್ಮ್‌ಸ್ಟ್ರಾಂಗ್ ಕಾಲಿಟ್ಟಾಗ ನಮ್ಮಲ್ಲಿ ಸೋಮವಾರ ಬೆಳಗ್ಗೆ 8 ಗಂಟೆ 26 ನಿಮಿಷ. ಅಮೆರಿಕದಲ್ಲಿ ಮಾತ್ರ ಇನ್ನೂ ಭಾನುವಾರ ರಾತ್ರಿ. ಪಂಚಾಂಗದ ಲೆಕ್ಕದಲ್ಲಿ ಇನ್ನೊಂದು ಸುತ್ತು. ಅಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ. ಹಾಗಾಗಿ ನೌಕೆ ಇಳಿದದ್ದು ಭಾನುವಾರ, ಕಾಲಿಟ್ಟದ್ದು ಸೋಮವಾರ. ಅಪ್ಪ ಹೇಳಿದ್ದೇ ಸರಿ. ಅವತ್ತು ಎರಡನೇ ಸಲ ಪುಟ ಕಳಿಸಿದೆ.

ಇನ್ನು ಡೈರಿ. ಮನೆಗೆ ಬಂದ 2019ರ ಒಂದು ಡೈರಿ ಖಾಲಿಯಾಗಿಯೇ ಬಿದ್ದಿತ್ತು. ತಾರೀಕಿಗೊಂದು ಪುಟ ಇರುವ, ನೀಲಿ ರಟ್ಟಿನ ದಪ್ಪ ಡೈರಿ. 2020ರ ಜನವರಿ 1ಕ್ಕೆ ಅದನ್ನು ತೆಗೆದು, ಸ್ಕೇಲು ಹಿಡಿದು ಪ್ರತಿ ಪುಟದಲ್ಲೂ ಐದು ಪಟ್ಟಿ ಮಾಡಿದೆ. ಒಂದೊಂದು ವರ್ಷಕ್ಕೆ ಒಂದೊಂದು ಪಟ್ಟಿ, ನಾಲ್ಕೈದು ಸಾಲು ಹಿಡಿಯುವಷ್ಟು. ಮೇಲಿನ ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ ಚರಿತ್ರೆ. ಅಚ್ಚಾಗಿದ್ದ ವಾರದ ಹೆಸರು ಹೊಡೆದುಹಾಕಿ ಪ್ರತಿ ಪಟ್ಟಿಗೂ ಆ ವರ್ಷದ ವಾರ, ತಿಥಿ ಬರೆದೆ.

ಮೊದಲ ವರ್ಷ ಇದರಲ್ಲಿ ವಿಶೇಷ ಏನೂ ಕಾಣಲಿಲ್ಲ, ನಿಜ ಹೇಳುತ್ತೇನೆ. ಬೇಜಾರಾಗಿ ಹತ್ತು ಹನ್ನೆರಡು ದಿನ ಬಿಟ್ಟದ್ದೂ ಇದೆ. ಎರಡನೇ ವರ್ಷ ಮೇಲಿನ ಪಟ್ಟಿ ಓದಿಕೊಂಡೇ ಕೆಳಗೆ ಬರೆಯಬೇಕಾಯಿತಲ್ಲ, ಆಗ ಹಿಡಿಸಿತು. ಆಗಸ್ಟ್ 5ರ ಪುಟ ಹೀಗಿದೆ. ಅಂಚಿನಲ್ಲಿ: '1905. ಬೆಂಗಳೂರಿನ ಬೀದಿಗೆ ಮೊದಲ ವಿದ್ಯುತ್ ದೀಪ. ಕರೆಂಟು ಬಂದದ್ದು ಶಿವನಸಮುದ್ರದಿಂದ.' 2020: 'ಜೋರು ಗಾಳಿ. ಮಧ್ಯಾಹ್ನದಿಂದ ಕರೆಂಟಿಲ್ಲ. ಮೇಣದ ಬತ್ತಿಯಲ್ಲಿ ಊಟ.' 2021: 'ದೋಸೆಗೆ ನೆನೆಹಾಕಿದ್ದೆವು.' 2022: 'ಮೆಟ್ಟಿಲ ದೀಪ ಬದಲಾಯಿಸಿದೆ. ಅಮ್ಮನಿಗೆ ಇಳಿಯಲು ಈಗ ಧೈರ್ಯ.' ಯಾವುದೂ ದೊಡ್ಡ ಸುದ್ದಿಯಲ್ಲ. ಆದರೂ ಒಂದರ ಕೆಳಗೊಂದು ಓದುತ್ತಾ ಹೋದರೆ ನೂರು ವರ್ಷದ ಹಿಂದಿನ ಬೀದಿ ದೀಪವೂ ನಮ್ಮ ಮನೆಯ ಮೆಟ್ಟಿಲವರೆಗೆ ಬಂದಂತೆ ಅನ್ನಿಸುತ್ತದೆ. ಉಳಿದ ಮೂರರಲ್ಲಿ ಇದು ನನಗೆ ಸಿಗಲಿಲ್ಲ.

ತಂಗಿಗೆ ಹೇಳಿದ್ದು ಇಷ್ಟು. ಡೈರಿಯನ್ನೇ ಹಿಡಿ. ಖರ್ಚೂ ಇಲ್ಲ, ಹಳೇದಾದರೆ ಇನ್ನೂ ಒಳ್ಳೆಯದು. ಚರಿತ್ರೆಗೆ ಫೋನು ನೋಡು, ಆದರೆ ಮನೆಯ ಹಿರಿಯರಿಗೂ ಒಂದು ಮಾತು ಕೇಳು. ಹಬ್ಬ, ಮಳೆ, ಜಯಂತಿಗಳಿಗೆ ಪಂಚಾಂಗ ಇಟ್ಟುಕೋ. ಕ್ಯಾಲೆಂಡರಿನ ಹಾಲಿನ ಗೀಟುಗಳನ್ನು ಡಿಸೆಂಬರ್ ಮುಗಿಯುವುದರೊಳಗೆ ಡೈರಿಗೆ ಇಳಿಸು. ಎರಡು ದಿನ ಬಿಟ್ಟುಹೋದರೆ ಬಿಟ್ಟುಹೋಗಲಿ. ಖಾಲಿ ಪಟ್ಟಿ ಮುಂದಿನ ವರ್ಷ ಕಣ್ಣಿಗೆ ಬಿದ್ದಾಗ, ಅವತ್ತು ಯಾಕೆ ಬರೆಯಲಿಲ್ಲ ಅನ್ನುವುದೂ ನೆನಪಾಗುತ್ತದೆ.

ಡೈರಿ ಆರಿಸುವಾಗ ಒಂದನ್ನು ಮಾತ್ರ ನೋಡಿಕೋ ಅಂದೆ. 2019 ಅಧಿಕ ವರ್ಷವಲ್ಲ, ನನ್ನ ಡೈರಿಯಲ್ಲಿ ಫೆಬ್ರವರಿ 29ಕ್ಕೆ ಪುಟವೇ ಇರಲಿಲ್ಲ. ಚಂದ್ರನ ವರ್ಷಕ್ಕೂ ಸೂರ್ಯನ ವರ್ಷಕ್ಕೂ ಸುಮಾರು 11 ದಿನದ ವ್ಯತ್ಯಾಸ. ಪಂಚಾಂಗ ಅದನ್ನು ಮೂರು ವರ್ಷದೊಳಗೆ ಒಂದು ಇಡೀ ಅಧಿಕ ಮಾಸ ಸೇರಿಸಿ ಸರಿಮಾಡುತ್ತದೆ. ಕ್ಯಾಲೆಂಡರಿನ ಕೊರತೆ ವರ್ಷಕ್ಕೆ ಸುಮಾರು ಆರು ಗಂಟೆ ಅಷ್ಟೆ, ಅದಕ್ಕೆ ನಾಲ್ಕು ವರ್ಷಕ್ಕೊಂದು ದಿನ ಸಾಕು. ನಾನು ಅರ್ಧ ಹಾಳೆ ಕತ್ತರಿಸಿ, 28ರ ಪುಟಕ್ಕೆ ಅನ್ನದ ಅಗುಳು ಹಚ್ಚಿ ಅಂಟಿಸಿದೆ. ಅಂಚಿನಲ್ಲಿ '1896. ಮೊರಾರ್ಜಿ ದೇಸಾಯಿ ಹುಟ್ಟಿದ ದಿನ' ಅಂತಿದೆ. ಕೆಳಗೆ '2020, ಶನಿವಾರ. ಅಪ್ಪ ಊರಿಂದ ಬಂದರು. ಒಂದು ಚೀಲ ತೆಂಗಿನಕಾಯಿ. ಬಸ್ಸಿನಲ್ಲಿ ಸೀಟು ಸಿಕ್ಕಿತಂತೆ.' ಅದರ ಕೆಳಗೆ '2024, ಗುರುವಾರ. ಅಪ್ಪನಿಗೆ ಈಗ ಬಸ್ಸು ಹತ್ತಲು ಆಗುವುದಿಲ್ಲ. ನಾವೇ ಹೋಗಿದ್ದೆವು. ಬರುವಾಗ ಒಂದು ಚೀಲ ತೆಂಗಿನಕಾಯಿ.' ಮೂರನೇ ಪಟ್ಟಿಗೂ ಗೆರೆ ಎಳೆದು, '2028, ಮಂಗಳವಾರ' ಅಂತ ಬರೆದಿಟ್ಟಿದ್ದೇನೆ.